‘ಬೇರ್‌ಫುಟ್ ಇನ್ ದ ಪಾರ್ಕ್’: ಕೋರಿ ಸರಿಯೋ, ಪಾಲ್ ಸರಿಯೋ? ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ

ಬಸವನಗುಡಿ ಬೆಂಚು
2025ರ ಸೆಪ್ಟೆಂಬರ್‌ನಲ್ಲಿ ರಾಬರ್ಟ್ ರೆಡ್‌ಫರ್ಡ್ ತೀರಿಕೊಂಡ ಮೇಲೆ ಅವರ ಹಳೇ ಸಿನಿಮಾಗಳನ್ನು ಒಂದೊಂದಾಗಿ ನೋಡೋಣ ಅಂತ ನಾನೂ ನನ್ನ ಹೆಂಡತಿಯೂ ಶುರು ಮಾಡಿದ್ದೆವು. ಈ ಶನಿವಾರ 1967ರ ‘ಬೇರ್‌ಫುಟ್ ಇನ್ ದ ಪಾರ್ಕ್’ ಸರದಿ ಬಂತು.

ನೋಡದವರಿಗೆ ಕಥೆ ಚಿಕ್ಕದಾಗಿ ಹೇಳ್ತೀನಿ. ಪಾಲ್ (ರೆಡ್‌ಫರ್ಡ್) ಈಗಷ್ಟೇ ವೃತ್ತಿಗೆ ಬಂದ ವಕೀಲ. ಅಚ್ಚುಕಟ್ಟು ಮನುಷ್ಯ, ಟೈ ಕೂಡ ನೀಟಾಗಿ ಮಡಚಿಡುವವನು. ಕೋರಿ (ಜೇನ್ ಫೊಂಡಾ) ಮನಸ್ಸಿಗೆ ಬಂದದ್ದನ್ನು ಆ ಕ್ಷಣಕ್ಕೇ ಮಾಡುವವಳು. ಮದುವೆಯಾಗಿ ಆರು ದಿನ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಇಬ್ಬರೂ ಲೋಕ ಮರೆತು ಇರ್ತಾರೆ. ಆಮೇಲೆ ಕೋರಿ ಹುಡುಕಿದ ಬಾಡಿಗೆ ಮನೆಗೆ ಬರ್ತಾರೆ. ಐದು ಮಹಡಿ ಹತ್ತಬೇಕು, ಲಿಫ್ಟ್ ಇಲ್ಲ. ಚಾವಣಿಯ ಗಾಜಿನಲ್ಲಿ ತೂತು, ಅದರಿಂದ ಹಿಮ ಒಳಗೇ ಬೀಳುತ್ತೆ. ಮೇಲಿನ ಅಟ್ಟದಲ್ಲಿ ವೆಲಾಸ್ಕೊ ಅನ್ನೋ ವಿಚಿತ್ರ ಯಜಮಾನ. ಕೋರಿಯ ತಾಯಿಯನ್ನೂ ಕರ್ಕೊಂಡು ನಾಲ್ವರೂ ಒಂದು ರಾತ್ರಿ ಊಟಕ್ಕೆ ಹೋಗಿ ಬರ್ತಾರೆ. ವಾಪಸ್ ಬಂದದ್ದೇ ಗಂಡ ಹೆಂಡತಿಗೆ ಜಗಳ, ಡಿವೋರ್ಸ್ ತನಕ.

ನಾನು ಪಾಲ್ ಪರ, ಅವಳು ಕೋರಿ ಪರ. ಮಾಡಿಟ್ಟ ಸಾರು ತಣ್ಣಗಾಗುವ ತನಕ ವಾದ ಮಾಡಿದೆವು. ನಮಗೆ ಮದುವೆಯಾಗಿ 11 ತಿಂಗಳು, ಅದನ್ನೂ ಹೇಳಿಬಿಡ್ತೀನಿ. ನನ್ನ ಪ್ರಶ್ನೆ ಎರಡು. ಇಷ್ಟು ಸಣ್ಣ ವಿಷಯಕ್ಕೆ ಡಿವೋರ್ಸ್ ಕೇಳೋದನ್ನ ನಂಬೋಕಾಗುತ್ತಾ? ನಂಬೋಕಾಗಲ್ಲ ಅಂದ್ರೆ ಈ ಸಿನಿಮಾ ನನಗ್ಯಾಕೆ ಇಷ್ಟೊಂದು ಹಿಡಿಸ್ತು?

ಸಿಹಿಮೊಗೆ
ಪಾಲ್ ಪರ. ಕೆಲಸ ಮುಗಿಸಿ ದಣಿದು ಬಂದ ವಕೀಲನನ್ನ ನಡುರಾತ್ರಿ ತನಕ ಕುಣಿಸೋದಾ?

ಧಾರವಾಡ ಪೇಡೆ
ಅಲ್ರೀ, ಕೋರಿ ಏನು ಮಾಡಿದಳು ಅಂತ ಯಾರೂ ನೋಡೋದೇ ಇಲ್ಲ. ಮನೆ ಹುಡುಕಿದವಳು ಅವಳು. ಖಾಲಿ ಕೋಣೆಯಲ್ಲಿ ನಿಂತು, ಸಾಮಾನು ಇನ್ನೂ ಬಂದಿಲ್ಲ, ಗಂಡ ಬರ್ತಾನೆ ಅಂತ ಎಷ್ಟು ಖುಷಿಯಿಂದ ಕಾಯ್ತಾಳೆ. ಅವನು ಏದುಸಿರು ಬಿಡ್ತಾ ಬಂದು ಏನು ಮಾಡ್ತಾನೆ? ಒಂದೊಂದೇ ಕೊರತೆ ಎಣಿಸ್ತಾನೆ. ಸ್ನಾನದ ತೊಟ್ಟಿ ಇಲ್ಲ, ಮಲಗೋ ಕೋಣೆ ಇಷ್ಟೇ ಇಷ್ಟು, ಮೇಲೆ ತೂತು. ಎಲ್ಲಾ ನಿಜಾನೇ. ಆದ್ರೆ ಅವಳ ಮುಖ ಒಂದ್ಸಲ ನೋಡಬೇಕಿತ್ತಲ್ವಾ ಅವನು?

ಆಮೇಲೆ ಅದೇ ಮನೆಯನ್ನ ಅವಳು ಎಷ್ಟು ಚೆಂದ ಮಾಡ್ತಾಳೆ ನೋಡ್ರಿ. ಜಗಳ ಶುರುವಾಗೋದು ಊಟದ ರಾತ್ರಿ ಅಲ್ಲ. ಆ ಮೊದಲನೇ ಸಂಜೆನೇ ಶುರುವಾಗಿದೆ.

ನಾಟಕದ ಹುಚ್ಚು
ಇದು ಮೊದಲು ನಾಟಕ ಅಂತ ಗೊತ್ತಿದ್ರೆ ಸಿನಿಮಾ ಇನ್ನೂ ಚೆನ್ನಾಗಿ ಅರ್ಥವಾಗುತ್ತೆ. ಅಮೆರಿಕದ ನಾಟಕಕಾರ ನೀಲ್ ಸೈಮನ್ ಬರೆದದ್ದು. 1963ರ ಅಕ್ಟೋಬರ್‌ನಲ್ಲಿ ಬ್ರಾಡ್‌ವೇಯ (ನ್ಯೂಯಾರ್ಕಿನ ದೊಡ್ಡ ನಾಟಕರಂಗ) ಬಿಲ್ಟ್‌ಮೋರ್ ಥಿಯೇಟರಿನಲ್ಲಿ ಶುರುವಾಗಿ 1,530 ಪ್ರದರ್ಶನ ಕಂಡಿತು. ಪಾಲ್ ಆಗಿ ಅಲ್ಲೂ ರೆಡ್‌ಫರ್ಡೇ. ಕೋರಿ ಪಾತ್ರ ಎಲಿಜಬೆತ್ ಆ್ಯಶ್ಲಿ ಮಾಡಿದ್ರು. ನಿರ್ದೇಶನ ಮೈಕ್ ನಿಕೋಲ್ಸ್. ಬ್ರಾಡ್‌ವೇಯಲ್ಲಿ ಅವರು ನಿರ್ದೇಶಿಸಿದ ಮೊದಲ ನಾಟಕ ಇದು, ಅದಕ್ಕೇ ಅಲ್ಲಿನ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿನೂ ಬಂತು.

ರಂಗದ ಮೇಲೆ ಇಡೀ ನಾಟಕ ಒಂದೇ ಕೋಣೆಯಲ್ಲಿ ನಡೆಯುತ್ತೆ. ಐದು ಮಹಡಿಯ ಮೆಟ್ಟಿಲು ಪ್ರೇಕ್ಷಕರಿಗೆ ಕಾಣೋದೇ ಇಲ್ಲ. ಬಾಗಿಲಲ್ಲಿ ಬಂದು ನಿಲ್ಲುವವರ ಉಸಿರಾಟದಲ್ಲೇ ಆ ಮೆಟ್ಟಿಲು ಕಾಣಬೇಕು. ಫೋನ್ ಜೋಡಿಸೋಕೆ ಬಂದವನು, ಪಾರ್ಸೆಲ್ ತಂದ ಮುದುಕ, ಗಂಡ, ಅತ್ತೆ, ಒಬ್ಬೊಬ್ಬರೂ ಒಂದೊಂದು ಥರ ಏದುಸಿರು. ಆ ಪಾರ್ಸೆಲ್ ಮುದುಕನಿಗೆ ಒಂದು ಮಾತೂ ಇಲ್ಲ. ಮಾತಾಡೋಕೆ ಉಸಿರೇ ಉಳಿದಿರಲ್ಲ! ನಟನಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕಾ?

ಇನ್ನೊಂದು ವಿಷಯ. ಮೊದಲನೇ ಅಂಕದಲ್ಲಿ ಕೋಣೆ ಪೂರ್ತಿ ಖಾಲಿ. ಎರಡನೇ ಅಂಕಕ್ಕೆ ಪರದೆ ಎದ್ದಾಗ ಅದು ಮನೆಯಾಗಿರುತ್ತೆ. ‘ಧಾರವಾಡ ಪೇಡೆ’ ಮೇಡಂ ಹೇಳಿದ್ದು ಅದಕ್ಕೇ ಸರಿ. ಕೋರಿ ಎಂಥವಳು ಅಂತ ಮಾತಿನಲ್ಲಿ ಹೇಳೋ ಮೊದಲೇ ಸೈಮನ್ ಆ ಕೋಣೆಯಲ್ಲಿ ತೋರಿಸಿಬಿಟ್ಟಿದ್ದಾರೆ.

ರೀಲು ಪೆಟ್ಟಿಗೆ
ಸಿನಿಮಾ ನಿರ್ದೇಶನವೂ ನಿಕೋಲ್ಸ್ ಅಲ್ವಾ?

ನಾಟಕದ ಹುಚ್ಚು
ಅಲ್ಲ. ಸಿನಿಮಾ ಜೀನ್ ಸ್ಯಾಕ್ಸ್. ಮರುವರ್ಷ ಸೈಮನ್‌ದೇ ‘ದಿ ಆಡ್ ಕಪಲ್’ ಕೂಡ ಅವರೇ ಮಾಡಿದ್ರು. ನಿಕೋಲ್ಸ್ 1967ರಲ್ಲಿ ‘ದ ಗ್ರ್ಯಾಜುಯೇಟ್’ ಮಾಡಿ ಆಸ್ಕರ್ ತಗೊಂಡ್ರು.

ಮೆಟ್ಟಿಲು ಪುರಾಣ
ಮೆಟ್ಟಿಲಿನ ಮಾತು ಬಂದ ಮೇಲೆ ನಾನು ಸುಮ್ನಿರೋಕಾಗಲ್ಲ. 1998ರಲ್ಲಿ ಮದುವೆಯಾಗಿ ನಾವು ಸಂಸಾರ ಹೂಡಿದ್ದು ಮಲ್ಲೇಶ್ವರದ ಒಂದು ಮನೆಯ ತಾರಸಿ ಮೇಲಿನ ಒಂಟಿ ಕೋಣೆಯಲ್ಲಿ. ಮೂರು ಮಹಡಿ, ಆಮೇಲೆ ಕಬ್ಬಿಣದ ಸುತ್ತು ಏಣಿ. ಗ್ಯಾಸ್ ಸಿಲಿಂಡರ್ ತರುವ ಹುಡುಗ ಎರಡನೇ ಮಹಡಿಯಲ್ಲಿ ಇಳಿಸಿ ‘ಇನ್ನು ನೀವೇ ಹತ್ತಿಸ್ಕೊಳಿ ಸಾರ್’ ಅನ್ನುತ್ತಿದ್ದ. ನಾವಿಬ್ಬರೂ ಆಚೆ ಈಚೆ ಹಿಡಿದು ಹತ್ತಿಸುತ್ತಿದ್ದೆವು.

ನಮ್ಮತ್ತೆ ಮೊದಲ ಸಲ ಬಂದಾಗ ಎರಡನೇ ಮಹಡಿಯ ಮೆಟ್ಟಿಲ ಮೇಲೇ ಕೂತುಬಿಟ್ಟರು. ಕೈಯಲ್ಲಿ ಹೋಳಿಗೆ ಡಬ್ಬಿ. ಹೆಂಡತಿ ನೀರು ತಗೊಂಡು ಕೆಳಗೋಡಿದಳು. ಅಲ್ಲೇ ಮೂವರೂ ಕೂತು ಹೋಳಿಗೆ ತಿಂದೆವು. ಮನೆ ಬಗ್ಗೆ ಅತ್ತೆ ಒಂದು ಮಾತೂ ಕೆಟ್ಟದಾಗಿ ಆಡಲಿಲ್ಲ. ‘ಗಾಳಿ ಚೆನ್ನಾಗಿ ಬರುತ್ತೆ’ ಅಂದ್ರು. ಸಿನಿಮಾದಲ್ಲಿ ಕೋರಿಯ ಅಮ್ಮ ಏದುಸಿರು ಬಿಡ್ತಾ ಒಳಗೆ ಬಂದು ಮಗಳಿಗೆ ನೋವಾಗದ ಹಾಗೆ ಮನೆ ಹೊಗಳೋಕೆ ಒದ್ದಾಡ್ತಾರಲ್ಲ, ಅದನ್ನು ನೋಡಿ ನನಗೆ ನಗು ಬರಲಿಲ್ಲ, ಕಣ್ಣು ಒದ್ದೆಯಾಯ್ತು.

ಬಸವನಗುಡಿ ಬೆಂಚು
@ಮೆಟ್ಟಿಲು ಪುರಾಣ ಸರ್, ಇದನ್ನ ಹೆಂಡತಿಗೆ ಓದಿ ಹೇಳಿದೆ. ‘ಅವರು ಕೋರಿ ಪರ ಅಂತ ಬರ್ಕೋ’ ಅಂದಳು.

ಕುಂದಾಪ್ರ ಮಾಣಿ
ಎಲ್ಲ ಸರಿ ಮಾರಾಯ್ರೆ, ಆ ವೆಲಾಸ್ಕೊ ಬಗ್ಗೆ ಯಾಕೆ ಯಾರೂ ಮಾತಾಡ್ತಿಲ್ಲ? ಬಾಡಿಗೆ ಕಟ್ಟಿಲ್ಲ ಅಂತ ಅವನ ಬಾಗಿಲಿಗೆ ಬೀಗ ಬಿದ್ದಿದೆ. ಅದಕ್ಕೆ ಹೊಸ ಮದುವೆಯಾದವರ ಮಲಗೋ ಕೋಣೆಯ ಕಿಟಕಿಯಿಂದ ಹತ್ತಿ ತನ್ನ ಅಟ್ಟಕ್ಕೆ ಹೋಗ್ತಾನೆ. ಇದು ಮೋಜಿನ ವಿಷಯವಾ? ನನ್ನ ಮನೆಯಲ್ಲಾದ್ರೆ ಪೊಲೀಸಿಗೆ ಹೇಳ್ತಿದ್ದೆ. ಪಾಲ್ ಎಷ್ಟು ತಾಳ್ಮೆಯವನು ಅಂತ ಇದರಲ್ಲೇ ಗೊತ್ತಾಗುತ್ತೆ.

ರೀಲು ಪೆಟ್ಟಿಗೆ
ಆ ಪಾತ್ರ ಬೇರೆ ಯಾರು ಮಾಡಿದ್ರೂ ನಿಮ್ಮ ಮಾತು ಒಪ್ತಿದ್ದೆ. ಚಾರ್ಲ್ಸ್ ಬೋಯರ್ ಮಾಡಿದಾರೆ! 1930ರ, 40ರ ದಶಕದಲ್ಲಿ ಹಾಲಿವುಡ್‌ನ ದೊಡ್ಡ ಪ್ರೇಮನಾಯಕ. ಹುಟ್ಟಿದ್ದು 1899ರಲ್ಲಿ, ಫ್ರಾನ್ಸ್‌ನಲ್ಲಿ. ಈ ಸಿನಿಮಾ ಬಂದಾಗ ವಯಸ್ಸು 67. ಪಾತ್ರಕ್ಕೆ 58. ಕಿಟಕಿ ಹತ್ತುವಾಗಲೂ ರಾಜದರ್ಬಾರಿಗೆ ಹೋಗ್ತಿರೋ ಠೀವಿ ಇದೆ. ಜೊತೆಗೆ ಆತ ಕೋರಿಯನ್ನ ಬೇರೆ ಕಣ್ಣಿನಿಂದ ನೋಡೋದು ಬರೀ ಮಾತಿನ ಆಟ. ಅವನು ನಿಜವಾಗಿ ಗಮನ ಕೊಡೋದು ಅಮ್ಮನಿಗೆ.

ಕುಂದಾಪ್ರ ಮಾಣಿ
ಠೀವಿ ಇದ್ರೆ ಕಿಟಕಿ ಹತ್ತಬಹುದಾ? ಒಪ್ಪಲ್ಲ. ಆದ್ರೆ ಅವನು ತಿನಿಸು ಮಾಡ್ಕೊಂಡು ಬಂದು ‘ಬಾಯಿಗೆ ಎಸೆದುಕೊಳ್ಳಿ, ಕಚ್ಚಬೇಡಿ’ ಅಂತ ಪಾಠ ಮಾಡೋ ದೃಶ್ಯ ಮೂರು ಸಲ ನೋಡಿದೀನಿ. ಕೋರಿ ಸಲೀಸಾಗಿ ಬಾಯಿಗೆ ಹಾಕ್ಕೊಳ್ತಾಳೆ, ಪಾಲ್ ತುದಿ ಕಚ್ಚಿ ಮುಖ ಹಿಂಡ್ತಾನೆ. ಅಷ್ಟರಲ್ಲೇ ಇಬ್ಬರ ಸ್ವಭಾವ ಬಂದೇಬಿಟ್ಟಿತು.

ಶರಾವತಿ ತೀರ
ನನಗೆ ಕೋರಿಯೂ ಬೇಡ, ಪಾಲೂ ಬೇಡ. ಈ ಸಿನಿಮಾ ಆ ಅಮ್ಮನದು.

ನಾನು ಇದನ್ನ ಮೊದಲ ಸಲ ನೋಡಿದ್ದು ಕಾಲೇಜಿನಲ್ಲಿದ್ದಾಗ, ಆಗ ಫೊಂಡಾ ಬಿಟ್ಟು ಬೇರೆ ಯಾರೂ ಕಣ್ಣಿಗೆ ಬೀಳಲಿಲ್ಲ. ಈಗ ನನಗೆ 54. ಹೋದ ತಿಂಗಳು ಮತ್ತೆ ನೋಡಿದೆ. ಎಥೆಲ್ ಅನ್ನೋ ಆ ಹೆಂಗಸು ನ್ಯೂಜೆರ್ಸಿಯಲ್ಲಿ ಒಬ್ಬಳೇ ಇದ್ದಾಳೆ. ಬೆನ್ನು ನೋವಿಗೆ ಹಲಗೆ ಮೇಲೆ ಮಲಗ್ತಾಳೆ. ಹೊಟ್ಟೆಗೆ ಗುಲಾಬಿ ಬಣ್ಣದ ಮಾತ್ರೆ. ಮಗಳ ಮದುವೆ ಆಯ್ತು, ಇನ್ನು ತನಗೆ ಏನೂ ಇಲ್ಲ ಅಂತ ನಂಬಿಬಿಟ್ಟಿದ್ದಾಳೆ. ಮಗಳು ಸುಳ್ಳು ಹೇಳಿ ಊಟಕ್ಕೆ ಕರೆಸಿ ಈ ವಿಚಿತ್ರ ಮನುಷ್ಯನ ಪಕ್ಕ ಕೂರಿಸ್ತಾಳೆ. ದೋಣಿ ಹತ್ತಿಸಿ ಸ್ಟೇಟನ್ ಐಲ್ಯಾಂಡಿನ ಅಲ್ಬೇನಿಯನ್ ಹೋಟೆಲಿಗೆ ಕರ್ಕೊಂಡು ಹೋಗ್ತಾರೆ. ಊಜೋ ಅನ್ನೋ ಮದ್ಯ ಕುಡಿಸ್ತಾರೆ. ಮಾರನೇ ಬೆಳಗ್ಗೆ ಅವಳು ಮನೆಯಲ್ಲಿಲ್ಲ ಅಂತ ಮಗಳಿಗೆ ಗಾಬರಿ. ನೋಡಿದ್ರೆ ರಾತ್ರಿ ಹಿಮದಲ್ಲಿ ಜಾರಿ ಬಿದ್ದು, ವೆಲಾಸ್ಕೊ ಮನೆಯಲ್ಲೇ ಉಳಿದಿದ್ದಾಳೆ, ಅವನ ನಿಲುವಂಗಿ ಹಾಕ್ಕೊಂಡು. ಹಲಗೆ ಇಲ್ಲದೆ ನಿದ್ದೆ ಬಂದಿದೆ! ಆ ಸಂಗತಿಯನ್ನ ಅವಳು ಹೇಳೋ ರೀತಿ ನೋಡಿ. ನಾಚಿಕೆ ಇದೆ, ಜೊತೆಗೆ ಎಷ್ಟೋ ವರ್ಷಗಳ ಮೇಲೆ ಮೈ ಹಗುರಾದ ಆಶ್ಚರ್ಯ ಇದೆ.

ಮಿಲ್ಡ್ರೆಡ್ ನ್ಯಾಟ್‌ವಿಕ್ ಅಂತ ನಟಿಯ ಹೆಸರು. ನಾಟಕದಲ್ಲೂ ಅವರೇ ಮಾಡಿದ್ದು. ಈ ಸಿನಿಮಾಕ್ಕೆ ಸಿಕ್ಕಿದ್ದು ಒಂದೇ ಆಸ್ಕರ್ ನಾಮನಿರ್ದೇಶನ, ಅದೂ ಇವರಿಗೇ. ಪ್ರಶಸ್ತಿ ಬರಲಿಲ್ಲ. ಗಂಡ ಹೆಂಡತಿ ಸರಿಯಾಗ್ತಾರೆ ಅಂತ ನಮಗೆ ಮೊದಲಿಂದ್ಲೂ ಗೊತ್ತು. ಇವಳ ಬಾಳಿಗೆ ಬಾಗಿಲು ತೆಗೆಯುತ್ತೆ ಅಂತ ಯಾರಿಗೂ ಗೊತ್ತಿರಲ್ಲ. ‘ಬೆಂಚು’ ಅವರೇ, ಸಿನಿಮಾ ಯಾಕೆ ಹಿಡಿಸ್ತು ಅಂತ ಕೇಳಿದ್ರಲ್ಲ, ನನ್ನ ಉತ್ತರ ಇದು.

ಅಜ್ಜಿ ಮನೆ ಅಂಗಳ
ಶರಾವತಿ ಅಕ್ಕಾ, ನೂರಕ್ಕೆ ನೂರು. ನಮ್ಮಮ್ಮನ ಜೊತೆ ಕೂತು ನೋಡಬೇಕು ಅನ್ನಿಸ್ತಿದೆ.

ಧಾರವಾಡ ಪೇಡೆ
ಆ ಅಮ್ಮ ನನಗೂ ಇಷ್ಟ. ಆದ್ರೆ ಕೊನೆಗೆ ಅವಳು ಮಗಳಿಗೆ ಕೊಡೋ ಬುದ್ಧಿಮಾತು ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಅವನಿಗೋಸ್ಕರ ನೀನು ಸ್ವಲ್ಪ ಬಿಟ್ಟುಕೊಡು, ಎಲ್ಲದನ್ನೂ ಆಟ ಮಾಡಬೇಡ, ಅವನು ದೊಡ್ಡವನು ಅನ್ನಿಸೋ ಹಾಗೆ ನೋಡ್ಕೋ. ಇದನ್ನೇ ನಮ್ಮಲ್ಲೂ ಮಗಳನ್ನ ಗಂಡನ ಮನೆಗೆ ಕಳಿಸುವಾಗ ಹೇಳೋದು. ನನಗೂ ಹೇಳಿದ್ರು. ನನ್ನ ಗಂಡನಿಗೆ ಯಾರೂ ಏನೂ ಹೇಳಲಿಲ್ಲ.

ಸಿಹಿಮೊಗೆ
1963ರ ಮಾತು ಮೇಡಂ ಅದು. ಈಗಿನ ಅಳತೆಗೋಲು ಹಿಡಿಯೋದು ಸರಿಯಲ್ಲ.

ಧಾರವಾಡ ಪೇಡೆ
ಯಾವ ಕಾಲದ್ದಾದ್ರೂ ನಾನು ನೋಡ್ತಿರೋದು ಈಗ. ಮಾತು ಚುಚ್ಚಿದ್ರೆ ಚುಚ್ಚಿತು ಅಂತಲೇ ಹೇಳ್ತೀನಿ. ಸಿನಿಮಾ ಪ್ರೀತಿಸೋಕೆ ಅದು ಅಡ್ಡ ಬರಲ್ಲ.

ನಾಟಕದ ಹುಚ್ಚು
ಬುದ್ಧಿಮಾತು ಒಬ್ಬಳಿಗೇ ಸಿಕ್ಕಿದ್ದು ನಿಜ. ಆದ್ರೆ ಕಥೆ ಏನು ಮಾಡುತ್ತೆ ನೋಡಿ. ಜಗಳದಲ್ಲಿ ಕೋರಿ ಪಾಲ್‌ಗೆ ಹೇಳ್ತಾಳೆ: ಲೋಕದಲ್ಲಿ ಮಾಡುವವರು ಇದ್ದಾರೆ, ನಿಂತು ನೋಡುವವರು ಇದ್ದಾರೆ, ನೀನು ನೋಡುವವನು. ಅವಳ ಪುರಾವೆ ಏನು? ನನ್ನ ಜೊತೆ ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನಲ್ಲಿ ಬರಿಗಾಲಲ್ಲಿ ಓಡಲಿಲ್ಲ ಅನ್ನೋದು. ಅವನ ಉತ್ತರ ಒಂದೇ. ಆವತ್ತು 17 ಡಿಗ್ರಿ ಇತ್ತು.

ಆಮೇಲೆ ಅವನೇ ಹೋಗಿ ಕುಡಿದು, ಜ್ವರ ಇಟ್ಟುಕೊಂಡು, ಅದೇ ಪಾರ್ಕಿನಲ್ಲಿ ಬರಿಗಾಲಲ್ಲಿ ಓಡ್ತಾನೆ. ಅವಳು ಕೇಳಿದ್ದು ಪೂರ್ತಿ ಸಿಕ್ಕಿತು. ಸಿಕ್ಕಿದ ಕ್ಷಣಕ್ಕೆ ಅವಳಿಗೆ ಬೇಕಾಗೋದು ಹಳೇ ಪಾಲ್! ಲೆಕ್ಕ ಇಟ್ಟುಕೊಂಡು, ಜೋಪಾನವಾಗಿ ನೋಡಿಕೊಳ್ಳೋ ಪಾಲ್. ಇಬ್ಬರೂ ಅರ್ಧರ್ಧ ದಾರಿ ನಡೆದು ಬರ್ತಾರೆ ಮೇಡಂ. ಅಮ್ಮನ ಮಾತಿಗಿಂತ ಕಥೆ ಹೆಚ್ಚು ನ್ಯಾಯವಾಗಿದೆ.

ಧಾರವಾಡ ಪೇಡೆ
ಇದನ್ನ ಒಪ್ತೀನಿ. ಅರ್ಧ.

ರೀಲು ಪೆಟ್ಟಿಗೆ
17 ಡಿಗ್ರಿ ಅಂದ್ರೆ ನಮಗೆ ಬೆಂಗಳೂರಿನ ಡಿಸೆಂಬರ್ ನೆನಪಾಗುತ್ತೆ. ಅದು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ 8 ಡಿಗ್ರಿ ಕೆಳಗೆ. ಪಾಲ್ ಹೇಳಿದ್ದು ನ್ಯಾಯವೇ.

ಹಡ್ಸನ್ ದಂಡೆ
ನ್ಯೂಜೆರ್ಸಿಯಿಂದ ಬರೀತಿದೀನಿ, ಎಥೆಲ್ ಅಮ್ಮನ ಸೀಮೆ 🙂 ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಊರಿಂದ ಬಂದ ತಂಗಿ, ಭಾವನನ್ನ ವಾಷಿಂಗ್ಟನ್ ಸ್ಕ್ವೇರ್‌ಗೆ ಕರ್ಕೊಂಡು ಹೋಗಿದ್ದೆ. ಕಲ್ಲಿನ ದೊಡ್ಡ ಕಮಾನು, ಸುತ್ತ ಎಲೆ ಉದುರಿದ ಮರಗಳು. ಎರಡು ಜೊತೆ ಕಾಲುಚೀಲ ಹಾಕಿದ್ರೂ ಬೆರಳು ಮರಗಟ್ಟಿತ್ತು. ಅಲ್ಲಿ ಬರಿಗಾಲಲ್ಲಿ ಓಡಿದವನ ಮೇಲೆ ನನಗೆ ಆವತ್ತೇ ಗೌರವ ಬಂತು.

ಆಮೇಲೆ ಸ್ಟೇಟನ್ ಐಲ್ಯಾಂಡ್ ಫೆರಿ ಹತ್ತಿದೆವು. ಸಿನಿಮಾದ ಕಾಲದಲ್ಲಿ ಅದಕ್ಕೆ ಐದು ಸೆಂಟ್ ಟಿಕೆಟ್ ಇತ್ತು. 1997ರಿಂದ ಪುಕ್ಕಟೆ. ಸಿನಿಮಾದಲ್ಲಿ ಚಳಿಗೆ ಅಮ್ಮ, ಪಾಲ್ ಇಬ್ಬರೂ ಮುದುಡಿ ಕೂತಿರ್ತಾರೆ, ಕೋರಿ ವೆಲಾಸ್ಕೊ ಮಾತ್ರ ಗಾಳಿಗೆ ಮುಖ ಕೊಟ್ಟು ನಿಂತಿರ್ತಾರೆ. ನಮ್ಮಲ್ಲೂ ಥೇಟ್ ಹಾಗೇ ಆಯ್ತು. ತಂಗಿ ಹೊರಗೆ, ಭಾವ ಒಳಗೆ. ಮದುವೆಯಾಗಿ ಆರು ವರ್ಷ, ಚೆನ್ನಾಗೇ ಇದ್ದಾರೆ.

ಕುಂದಾಪ್ರ ಮಾಣಿ
ಕನ್ನಡದಲ್ಲಿ ಇಂಥದ್ದು ಯಾಕಿಲ್ಲ? ನಮ್ಮ ಸಿನಿಮಾ ಮದುವೆ ಮಂಟಪದಲ್ಲೇ ಮುಗಿದುಹೋಗುತ್ತೆ. ಅಕ್ಷತೆ ಬಿತ್ತು, ಶುಭಂ. ಜಗಳ ಶುರುವಾಗೋದೇ ಆಮೇಲಲ್ವಾ?

ಅಜ್ಜಿ ಮನೆ ಅಂಗಳ
ಅನಂತ್‌ನಾಗ್ ಇದ್ದಾರಲ್ಲ! ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ (1990). ವಠಾರದ ಜಗಳ, ವಿನಯಾ ಪ್ರಸಾದ್. ಅಲ್ಲೂ ನಗು ಹುಟ್ಟಿಸೋದು ಮನೆಯೇ.

ಕುಂದಾಪ್ರ ಮಾಣಿ
ಅದು ಅಮೃತ, ಒಪ್ಪಿದೆ. ಆದ್ರೆ ಹೆಸರಲ್ಲೇ ಇದೆಯಲ್ಲ, ಅದು ಮದುವೆ ತನಕದ ಕಥೆ. ನಾನು ಕೇಳ್ತಿರೋದು ಮದುವೆಯ ಏಳನೇ ದಿನದ ಕಥೆ.

ಸಿಹಿಮೊಗೆ
ನಮ್ಮಲ್ಲಿ ಏಳನೇ ದಿನ ಮನೆ ತುಂಬ ನೆಂಟರು. ಗಂಡ ಹೆಂಡತಿಗೆ ಜಗಳ ಆಡೋಕೆ ಜಾಗ ಎಲ್ಲಿದೆ?

ಮೆಟ್ಟಿಲು ಪುರಾಣ
@ಸಿಹಿಮೊಗೆ ಇದು ಬಹಳ ಸರಿಯಾದ ಮಾತು. ಪಾಲ್, ಕೋರಿ ಜಗಳದಲ್ಲಿ ನಡುವೆ ಬರೋಕೆ ಯಾರೂ ಇಲ್ಲ. ಫೋನ್ ರಿಪೇರಿಯವನು ಎರಡನೇ ಸಲ ಬಂದಾಗ, ಇಬ್ಬರೂ ಮುಖ ಗಂಟಿಕ್ಕಿಕೊಂಡಿರೋದನ್ನ ನೋಡಿ ತನ್ನ ಕೆಲಸ ಮುಗಿಸಿ ಹೊರಟರೆ ಸಾಕು ಅಂತ ಒದ್ದಾಡ್ತಾನಲ್ಲ, ನೆಂಟರ ಜಾಗದಲ್ಲಿ ಅವನೊಬ್ಬನೇ ಇರೋದು. ಹರ್ಬ್ ಎಡೆಲ್‌ಮನ್ ಆ ಪಾತ್ರಕ್ಕೆ. ನಾಟಕದಿಂದ ಸಿನಿಮಾಕ್ಕೆ ಬಂದವರಲ್ಲಿ ಅವರೂ ಒಬ್ಬರು.

ಶರಾವತಿ ತೀರ
ಕಥೆ ಎಲ್ಲಿಂದ ಬಂತು ಅಂತಾನೂ ಹೇಳಬೇಕು. ಸೈಮನ್ 1953ರಲ್ಲಿ ಜೋನ್ ಅನ್ನೋರನ್ನ ಮದುವೆಯಾದರು. ಅವರಿಬ್ಬರು ಹೊಸದಾಗಿ ಸಂಸಾರ ಹೂಡಿದ ದಿನಗಳೇ ಈ ನಾಟಕದ ಬೇರು. ಜೋನ್ 1973ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆಮೇಲೆ ಸೈಮನ್ ‘ಚಾಪ್ಟರ್ ಟೂ’ ಅಂತ ನಾಟಕ ಬರೆದರು, 1977ರಲ್ಲಿ. ಹೆಂಡತಿಯನ್ನ ಕಳ್ಕೊಂಡ ಬರಹಗಾರ ಮತ್ತೆ ಮದುವೆಯಾಗಿ, ಹೊಸ ಹೆಂಡತಿ ಜೊತೆ ಖುಷಿಯಾಗಿರೋಕೆ ಆಗದೆ ತೊಳಲೋ ಕಥೆ. ಇದು ತಿಳಿದ ಮೇಲೆ ‘ಬೇರ್‌ಫುಟ್’ ನೋಡಿದ್ರೆ ಆ ತೂತಿನಿಂದ ಬೀಳೋ ಹಿಮ ಕೂಡ ಬೇರೆ ಥರ ಕಾಣುತ್ತೆ ನನಗೆ.

ಅಜ್ಜಿ ಮನೆ ಅಂಗಳ
ಅಯ್ಯೋ, ಇದು ಗೊತ್ತೇ ಇರಲಿಲ್ಲ.

ಹಡ್ಸನ್ ದಂಡೆ
ಅದರ ಜೊತೆಗೆ ಇನ್ನೊಂದು ನೋಡಿ. ರೆಡ್‌ಫರ್ಡ್, ಫೊಂಡಾ 2017ರಲ್ಲಿ ‘ಅವರ್ ಸೋಲ್ಸ್ ಅಟ್ ನೈಟ್’ ಮಾಡಿದ್ರು. ಸರಿಯಾಗಿ 50 ವರ್ಷದ ನಂತರ. ಇಬ್ಬರೂ ಸಂಗಾತಿ ಕಳ್ಕೊಂಡ ನೆರೆಹೊರೆಯವರು. ರಾತ್ರಿ ಮಾತಾಡೋಕೆ ಯಾರೂ ಇಲ್ಲ ಅಂತ ಒಬ್ಬರ ಮನೆಗೆ ಒಬ್ಬರು ಬರ್ತಾರೆ. ನಾನು ಎರಡನ್ನೂ ಒಂದೇ ವಾರ ನೋಡಿದೆ. ಪ್ಲಾಜಾ ಹೋಟೆಲಿನ ಲಿಫ್ಟ್ ಹತ್ತಿರ, ಕೆಲಸಕ್ಕೆ ಹೊರಟ ಗಂಡನನ್ನ ಗಿರಾಕಿ ಅಂತ ಎಲ್ಲರೂ ತಿಳ್ಕೊಳ್ಳೋ ಹಾಗೆ ಕೂಗಿ ಬೀಳ್ಕೊಟ್ಟ ತುಂಟ ಹುಡುಗಿ, ಅದೇ ಮನುಷ್ಯನ ಬಾಗಿಲಿಗೆ ಬಂದು ಮೆಲ್ಲಗೆ ಮಾತಾಡ್ತಾಳೆ.

ರೀಲು ಪೆಟ್ಟಿಗೆ
ಅವರಿಬ್ಬರ ಜೋಡಿ ‘ದಿ ಎಲೆಕ್ಟ್ರಿಕ್ ಹಾರ್ಸ್‌ಮ್ಯಾನ್’ (1979)ನಲ್ಲೂ ಇದೆ. ಆದ್ರೆ ‘ಬೇರ್‌ಫುಟ್’ನ ಕೊನೆಗೆ ಸಾಟಿ ಇಲ್ಲ. ಕುಡಿದ ಪಾಲ್ ಚಾವಣಿ ಹತ್ತಿದಾನೆ. ಅಮಲು ಇಳಿದು ಕೆಳಗೆ ನೋಡಿದ್ರೆ ಕೈಕಾಲು ನಡುಕ. ಕೋರಿ ಅವನಿಗೆ ಧೈರ್ಯ ಬರಲಿ ಅಂತ ಆ ಅಲ್ಬೇನಿಯನ್ ಹೋಟೆಲಿನ ಹಾಡು ಹಾಡಿಸ್ತಾಳೆ. ಆ ಹಾಡಿಗೆ ಕುಣಿಯೋಕೆ ಬರಲ್ಲ ಅಂತ ಆವತ್ತು ಮುಖ ಸಿಂಡರಿಸಿದವನು ಈಗ ಅದನ್ನೇ ಹಿಡ್ಕೊಂಡು ಬದುಕ್ತಾನೆ.

ಬಸವನಗುಡಿ ಬೆಂಚು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲಾ ಓದಿದೆ. ಒಂದು ವಿಷಯ ಹೇಳಬೇಕು. ಧಾರವಾಡ ಪೇಡೆ ಅಕ್ಕ ಬರೆದದ್ದು ನನ್ನನ್ನ ಬಿಡಲಿಲ್ಲ. ನಾವು ಈ ಮನೆಗೆ ಬಂದು 10 ತಿಂಗಳು. ಬಂದ ದಿನದಿಂದ ಸಂಪಿನ ಮೋಟಾರು ಸರಿಯಿಲ್ಲ, ಅಡುಗೆಮನೆ ನಲ್ಲಿ ಸೋರುತ್ತೆ ಅಂತ ನಾನು ಹೇಳಿದ್ದೇ ಹೇಳಿದ್ದು. ಅವಳು ಬಾಲ್ಕನಿಯಲ್ಲಿ ಹದಿನಾಲ್ಕು ಕುಂಡ ಇಟ್ಟಿದ್ದಾಳೆ. ದೊಡ್ಡಪತ್ರೆ, ತುಳಸಿ, ಮಲ್ಲಿಗೆ ಬಳ್ಳಿ. ಅದರ ಬಗ್ಗೆ ನಾನು ಒಂದು ಮಾತೂ ಆಡಿರಲಿಲ್ಲ. ನಿನ್ನೆ ಸಂಜೆ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಒಂದೊಂದು ಗಿಡದ ಹೆಸರು ಹೇಳ್ತಾ ಹೋದಳು. ಅರ್ಧ ಗಂಟೆ. ಆಮೇಲೆ ‘ನಲ್ಲಿಗೆ ವಾಷರ್ ತಂದಿದೀನಿ, ಹಾಕೋಣ ಬಾ’ ಅಂದಳು.

ಭಾನುವಾರ ನಮ್ಮತ್ತೆ ಚಿತ್ರದುರ್ಗದಿಂದ ಬರ್ತಿದ್ದಾರೆ. ಮೂರು ವರ್ಷದಿಂದ ಒಬ್ಬರೇ ಇದ್ದಾರೆ. ಅವರ ಜೊತೆ ಕೂತು ಇನ್ನೊಂದ್ಸಲ ನೋಡ್ತೀವಿ.

ಶರಾವತಿ ತೀರ
ಖಂಡಿತ ತೋರಿಸಿ. ಸಬ್‌ಟೈಟಲ್ ಹಾಕಿ, ಸೈಮನ್ ಮಾತು ಬಹಳ ಓಡುತ್ತೆ. ನಿಲುವಂಗಿ ದೃಶ್ಯ ಬಂದಾಗ ಅತ್ತೆಯ ಮುಖ ನೋಡೋಕೆ ಹೋಗಬೇಡಿ, ಅವರ ಪಾಡಿಗೆ ಅವರು ನೋಡಲಿ.

ಧಾರವಾಡ ಪೇಡೆ
ನಿಮ್ಮ ಮನೆ ಎಷ್ಟನೇ ಮಹಡಿ ಅಂತ ಹೇಳಲೇ ಇಲ್ಲ?

ಬಸವನಗುಡಿ ಬೆಂಚು
ಎರಡನೇದು ಅಕ್ಕ. ಲಿಫ್ಟ್ ಇಲ್ಲ. ನಡುವೆ ಕೂರೋಕೆ ಅಂತ ಒಂದು ಕುರ್ಚಿ ಇಡ್ತಿದೀನಿ.